ವಾರ್ಡ್ ಇನ್‌ಚಾರ್ಜ್ ಆಗಿದ್ದೇನೆ. ಮುಂದೆ ಎಂ.ಎಸ್ಸಿ. ನರ್ಸಿಂಗ್ ಮಾಡಲೋ, ಆಸ್ಪತ್ರೆ ಆಡಳಿತದ ಎಂಬಿಎ ಮಾಡಲೋ?

ಮಂಡ್ಯ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ನನ್ನ ಊರು ಮಂಡ್ಯದ ಹತ್ತಿರ. ಕೆಲಸ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಹತ್ತು ವರ್ಷ ದಾಟಿತು. ಅದರಲ್ಲಿ ಹೆಚ್ಚಿನ ಕಾಲ ಐಸಿಯುನಲ್ಲೇ ಇದ್ದೆ. ಹೋದ ವರ್ಷ ಮೆಡಿಸಿನ್ ವಾರ್ಡಿಗೆ ಇನ್‌ಚಾರ್ಜ್ ಮಾಡಿದರು. 30 ಬೆಡ್‌ನ ವಾರ್ಡು.

ಐಸಿಯುನಲ್ಲಿ ನನಗೊಂದು ಧೈರ್ಯ ಇತ್ತು. ಹಾವು ಕಚ್ಚಿ ಉಸಿರಾಡಲು ಕಷ್ಟಪಡುತ್ತಿರುವವರನ್ನು ಮಧ್ಯರಾತ್ರಿ ತಂದರೂ ಕೈ ನಡುಗುತ್ತಿರಲಿಲ್ಲ. ಮೊದಲು ಏನು, ಆಮೇಲೆ ಏನು ಅಂತ ಗೊತ್ತಿತ್ತು. ಇನ್‌ಚಾರ್ಜ್ ಕೆಲಸವನ್ನು ಆ ಥರ ಯಾರೂ ಕಲಿಸಿಕೊಟ್ಟಿಲ್ಲ. ಯಾರಿಗೆ ಯಾವ ಪಾಳಿ ಅಂತ ರೋಸ್ಟರ್ ಹಾಕಬೇಕು. ಬೇಕಾದ ಸಾಮಾನಿನ ಪಟ್ಟಿ ಬರೆದು ಸ್ಟೋರಿಗೆ ಇಂಡೆಂಟ್ ಕಳಿಸಬೇಕು. ಆಯಾ ಬಂದಿಲ್ಲ ಅಂದರೆ ಪಕ್ಕದ ವಾರ್ಡಿನಲ್ಲಿ ಕೇಳಿ ಕರೆತರಬೇಕು. ರೋಗಿ ಕಡೆಯವರು ಕೂಗಾಡಿದರೆ ಸಮಾಧಾನ ಮಾಡಬೇಕು. ಹೊಸ ಹುಡುಗಿಯರಿಗೆ ಕೇಸ್‌ಶೀಟ್ ಬರೆಯುವುದನ್ನೂ ಹೇಳಿಕೊಡಬೇಕು. ಅವರು ಸ್ವಲ್ಪ ಪಳಗಿದರು ಅನ್ನುವಷ್ಟರಲ್ಲಿ ಬೆಂಗಳೂರಿಗೋ ಗಲ್ಫ್‌ಗೋ ಹೊರಟುಬಿಡುತ್ತಾರೆ. ಅವರನ್ನು ನಾನು ಬೈಯುವುದಿಲ್ಲ. ಅವರ ಮನೆಯಲ್ಲೂ ಸಾಲ ಇರುತ್ತದೆ.

ನನಗೆ ತುಂಬಾ ಸಂಕಟ ಆಗುವುದು ತಿಂಗಳ ಮೀಟಿಂಗಿನಲ್ಲಿ. ಹೋದ ಸಲ, "ನಿಮ್ಮ ವಾರ್ಡಿನಲ್ಲೇ ಬೆಡ್‌ಸೋರ್ ಯಾಕೆ ಜಾಸ್ತಿ?" ಅಂತ ಎಲ್ಲರ ಮುಂದೆ ಕೇಳಿದರು. ಬೆಡ್‌ಸೋರ್ ಅಂದರೆ ಒಂದೇ ಮಗ್ಗುಲಲ್ಲಿ ಮಲಗಿದ್ದು ಆಗುವ ಹುಣ್ಣು. ಸ್ಟ್ರೋಕ್ ಆದವರು, ಸೊಂಟದ ಕೆಳಗೆ ಸ್ವಾಧೀನ ಇಲ್ಲದವರು ನನ್ನ ವಾರ್ಡಿಗೇ ಬರುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅದಕ್ಕೆ ಎರಡು ಜೊತೆ ಕೈ ಬೇಕು. ರಾತ್ರಿ ಪಾಳಿಯಲ್ಲಿ ಇರುವುದೇ ಇಬ್ಬರು. "ಜನ ಸಾಲದು ಸರ್" ಅಂದೆ. "ಎಲ್ಲ ವಾರ್ಡಿನವರೂ ಅದನ್ನೇ ಹೇಳುತ್ತಾರೆ, ಮುಂದಿನ ವಿಷಯಕ್ಕೆ ಹೋಗೋಣ" ಅಂದರು. ಅಷ್ಟೇ. ನನ್ನ ಮಾತಿಗೆ ಅಲ್ಲಿ ತೂಕ ಇರಲಿಲ್ಲ. ಆದರೆ ನಾನು ಹೇಳಿದ್ದು ನಿಜ.

ಆವತ್ತಿನಿಂದ ಓದಬೇಕು ಅನ್ನಿಸುತ್ತಿದೆ. ಮೂರು ದಾರಿ ಕಾಣುತ್ತಿವೆ. ಒಂದು, ಕೆಲಸ ಬಿಟ್ಟು ಎರಡು ವರ್ಷ ಎಂ.ಎಸ್ಸಿ. ನರ್ಸಿಂಗ್. ಇನ್ನೊಂದು, ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್‌ನಲ್ಲಿ ಎಂಬಿಎ. ಮೂರನೆಯದು, ನಮ್ಮ ಜೊತೆಯವಳೊಬ್ಬಳು ಹೇಳಿದ್ದು: ಅಮೆರಿಕದ ಕಾಲೇಜಿನಲ್ಲಿ ನರ್ಸಿಂಗ್ ಲೀಡರ್‌ಶಿಪ್ ಅಂತ ಆನ್‌ಲೈನ್ ಮಾಸ್ಟರ್ಸ್ ಇದೆಯಂತೆ.

ಮನೆ ವಿಚಾರವನ್ನೂ ಹೇಳಿಬಿಡುತ್ತೇನೆ. ನಮ್ಮೆಜಮಾನರದು ವಿ.ಸಿ. ನಾಲೆ ಬಯಲಿನಲ್ಲಿ ಕಬ್ಬು, ಭತ್ತ. ಕಬ್ಬಿನ ದುಡ್ಡು ಕೈಗೆ ಬರುವ ದಿನ ಯಾರಿಗೂ ಗೊತ್ತಿರುವುದಿಲ್ಲ. ನನ್ನ ಸಂಬಳವೇ ತಿಂಗಳ ಆಧಾರ. ಮಗಳು ಎರಡನೇ ಕ್ಲಾಸು. ಅತ್ತೆ ನೋಡಿಕೊಳ್ಳುತ್ತಾರೆ, "ಓದು ಹೋಗು" ಅಂತಲೂ ಹೇಳುತ್ತಾರೆ. ಆದರೆ ಎರಡು ವರ್ಷ ಸಂಬಳ ಇಲ್ಲದೆ ಇರುವುದು ಸಣ್ಣ ಮಾತಲ್ಲ.

ಇದರಲ್ಲಿ ಯಾವುದು ಓದಿದರೆ ಒಂದು ವಾರ್ಡನ್ನು, ಮುಂದೆ ಒಂದು ಆಸ್ಪತ್ರೆಯ ನರ್ಸಿಂಗನ್ನು ಚೆನ್ನಾಗಿ ನಡೆಸಲು ಬರುತ್ತದೆ? ಬರೀ ಸರ್ಟಿಫಿಕೇಟ್ ಬೇಡ. ಗೊತ್ತಿರುವವರು ದಯವಿಟ್ಟು ಹೇಳಿ.

ಸರಸ್ವತಿಪುರಂ ಕ್ವಾಲಿಟಿ

ಸಿಸ್ಟರ್, ನಾನು ಆಸ್ಪತ್ರೆಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್‌ನಲ್ಲಿ ಎಂಬಿಎ ಮಾಡಿದವನು. ಅಲ್ಲಿ ಏನು ಕಲಿಸುತ್ತಾರೆ ಅಂದರೆ ಹಣಕಾಸು, ಖರೀದಿ, ಸ್ಟೋರ್ಸ್, ಹೆಚ್‌ಆರ್, ಇನ್ಶೂರೆನ್ಸ್, ಕಾನೂನು, ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿಯ ನಿಯಮಗಳು. ಮೈಸೂರಿನಲ್ಲೇ ಜೆಎಸ್‌ಎಸ್‌ನಲ್ಲಿ ಇದೆ. ದೂರಶಿಕ್ಷಣದಲ್ಲಿ ಬೇಕಾದರೆ ಇಗ್ನೋದ ಆಸ್ಪತ್ರೆ ಮತ್ತು ಆರೋಗ್ಯ ನಿರ್ವಹಣೆಯ ಪಿಜಿ ಡಿಪ್ಲೊಮಾ ಇದೆ. ಕೆಲಸ ಬಿಡದೆ ಓದಬಹುದು. ಅರ್ಹತೆಯನ್ನು ಪ್ರಾಸ್ಪೆಕ್ಟಸ್‌ನಲ್ಲೇ ಓದಿಕೊಳ್ಳಿ.

ನಿಮಗೆ ಕ್ವಾಲಿಟಿ ಮ್ಯಾನೇಜರ್, ಆಪರೇಷನ್ಸ್ ಕಡೆ ಹೋಗುವ ಆಸೆ ಇದ್ದರೆ ಎಂಬಿಎ ಸರಿ. ನರ್ಸಿಂಗ್ ಒಳಗೇ ಮೇಲೆ ಹೋಗಬೇಕು ಅಂದರೆ ಅದೊಂದೇ ಸಾಲದು. ಎಂಬಿಎಯಲ್ಲಿ ನರ್ಸಿಂಗ್ ಇಲ್ಲ.

ಬೆಡ್‌ಸೋರ್ ವಿಷಯಕ್ಕೆ ಬರೋಣ. ಅದಕ್ಕೆ ಯಾವ ಡಿಗ್ರಿಯೂ ಬೇಡ, ಈ ತಿಂಗಳೇ ಶುರು ಮಾಡಬಹುದು. ಮೀಟಿಂಗಿನಲ್ಲಿ ಬೆಡ್‌ಸೋರ್‌ಗಳನ್ನು ಸುಮ್ನೆ ಎಣಿಸಿ ಹೇಳಿದ್ದಾರೆ ಅನ್ನಿಸುತ್ತದೆ. ಹಾಗೆ ಹೋಲಿಸುವಂತಿಲ್ಲ. ಸಾವಿರ ರೋಗಿ-ದಿನಕ್ಕೆ ಎಷ್ಟು ಹೊಸ ಬೆಡ್‌ಸೋರ್ ಆಯಿತು ಅಂತ ನೋಡಬೇಕು. ನಿಮ್ಮ ವಾರ್ಡಿನಲ್ಲಿ ದಿನಕ್ಕೆ ಸರಾಸರಿ 25 ರೋಗಿಗಳು ಇದ್ದರು ಅಂದುಕೊಳ್ಳಿ. ತಿಂಗಳಿಗೆ 750 ರೋಗಿ-ದಿನ. ಹೊಸ ಬೆಡ್‌ಸೋರ್ 3 ಆದರೆ ಸಾವಿರಕ್ಕೆ 4. ಇನ್ನೊಂದು ವಾರ್ಡಿನಲ್ಲಿ ದಿನಕ್ಕೆ 12 ರೋಗಿಗಳು, ತಿಂಗಳಿಗೆ 360 ರೋಗಿ-ದಿನ, ಬೆಡ್‌ಸೋರ್ 2. ಅವರದು ಸಾವಿರಕ್ಕೆ ಐದೂವರೆ ದಾಟಿತು. ಎಣಿಕೆಯಲ್ಲಿ ನಿಮ್ಮದು ಜಾಸ್ತಿ, ದರದಲ್ಲಿ ಅವರದು ಜಾಸ್ತಿ.

ಇನ್ನೊಂದು. ಮನೆಯಿಂದಲೋ ಬೇರೆ ಆಸ್ಪತ್ರೆಯಿಂದಲೋ ಹುಣ್ಣು ಮಾಡಿಕೊಂಡೇ ಬಂದವರನ್ನು ನಿಮ್ಮ ವಾರ್ಡಿನ ಲೆಕ್ಕಕ್ಕೆ ಹಾಕಬಾರದು. ಅಡ್ಮಿಟ್ ಆದ ಕೂಡಲೇ ಬೆನ್ನು, ಸೊಂಟ, ಹಿಮ್ಮಡಿ ನೋಡಿ ಬರೆಯಿರಿ. ಬೆಡ್‌ಸೋರ್ ಆಗುವ ಅಪಾಯ ಅಳೆಯುವ ಬ್ರೇಡನ್ ಸ್ಕೋರನ್ನೂ ಹಾಕಿಸಿ. ಅದು 6ರಿಂದ 23ರವರೆಗೆ ಇರುತ್ತದೆ. ಕಮ್ಮಿ ಬಂದಷ್ಟೂ ಅಪಾಯ ಜಾಸ್ತಿ. 18 ಅಥವಾ ಕೆಳಗೆ ಬಂದರೆ ಎಚ್ಚರ ವಹಿಸಬೇಕು. ನಿಮ್ಮ ವಾರ್ಡಿನಲ್ಲಿ ಅಂಥವರು ಎಷ್ಟು ಮಂದಿ ಅಂತ ಕಾಗದದ ಮೇಲೆ ತೋರಿಸಿದರೆ ಮೀಟಿಂಗಿನಲ್ಲಿ ಯಾರೂ ಮುಂದಿನ ವಿಷಯಕ್ಕೆ ಹಾರಲು ಆಗುವುದಿಲ್ಲ.

ನರ್ಸಿಂಗ್ ಮೇಷ್ಟ್ರು, ಮಂಡ್ಯ

ನಿಯಮಗಳನ್ನು ನಾನು ಹೇಳುತ್ತೇನೆ. ಇದರಲ್ಲಿ ತುಂಬಾ ಜನ ದಾರಿ ತಪ್ಪುತ್ತಾರೆ.

ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಎಂ.ಎಸ್ಸಿ. ನರ್ಸಿಂಗ್‌ನಲ್ಲಿ ಆಡಳಿತ ಅಂತ ಬೇರೆ ವಿಭಾಗ ಇಲ್ಲ. ಇರುವುದು ಮೆಡಿಕಲ್ ಸರ್ಜಿಕಲ್, ಮಕ್ಕಳ ವಿಭಾಗ, ಹೆರಿಗೆ ಮತ್ತು ಸ್ತ್ರೀರೋಗ, ಮನೋರೋಗ, ಸಮುದಾಯ ಆರೋಗ್ಯ. ಇದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನರ್ಸಿಂಗ್ ಮ್ಯಾನೇಜ್‌ಮೆಂಟ್ ಅನ್ನುವುದು ಎರಡನೇ ವರ್ಷದಲ್ಲಿ ಎಲ್ಲರೂ ಓದುವ ಪತ್ರಿಕೆ. ಐಎನ್‌ಸಿ, ಅಂದರೆ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪಠ್ಯಕ್ರಮದಲ್ಲಿ ಅದಕ್ಕೆ 150 ಗಂಟೆ ಪಾಠ, 150 ಗಂಟೆ ಪ್ರಾಕ್ಟಿಕಲ್. ಬಜೆಟ್ ಪ್ರಸ್ತಾವ ಬರೆಯುವುದು, ಡ್ಯೂಟಿ ರೋಸ್ಟರ್ ಮಾಡುವುದು, ಸಿಬ್ಬಂದಿ ನೇಮಕದ ಯೋಜನೆ ಹಾಕುವುದು, ವಾರ್ಡ್ ಕೈಪಿಡಿ ತಯಾರಿಸುವುದು ಎಲ್ಲ ಅದರಲ್ಲಿ ಬರುತ್ತದೆ. ಮೊದಲ ವರ್ಷ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಇದೆ. ಹುಡುಗಿಯರು ಅದಕ್ಕೆ ಹೆದರುತ್ತಾರೆ. ನಿಮ್ಮಂಥವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಅರ್ಹತೆ: ಬಿ.ಎಸ್ಸಿ. ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಯಲ್ಲಿ (ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮಾಡಿದವರು ಓದುವ ಪದವಿ) 55% ಅಂಕ, ರಿಜಿಸ್ಟ್ರೇಷನ್, ಒಂದು ವರ್ಷದ ಅನುಭವ. ನಿಮಗೆ ಅನುಭವ ಬೇಕಾದಷ್ಟಿದೆ. ಅಂಕಪಟ್ಟಿ ತೆಗೆದು ಒಟ್ಟು ಎಷ್ಟು ಪರ್ಸೆಂಟ್ ಅಂತ ಮೊದಲು ನೋಡಿಕೊಳ್ಳಿ.

ಇದು ಪೂರ್ಣಾವಧಿ ಕೋರ್ಸು. ಆರಿಸಿಕೊಂಡ ವಿಭಾಗದ ಪ್ರಾಕ್ಟಿಕಲ್ ಮೊದಲ ವರ್ಷ 650 ಗಂಟೆ, ಎರಡನೇ ವರ್ಷ 950 ಗಂಟೆ. ನೈಟ್ ಡ್ಯೂಟಿ ಮಾಡಿಕೊಂಡು ಹಗಲು ಕ್ಲಾಸಿಗೆ ಬರುತ್ತೇನೆ ಅಂದರೆ ದೇಹ ತಡೆಯುವುದಿಲ್ಲ. "ಹಾಜರಾತಿ ನಾವು ನೋಡಿಕೊಳ್ಳುತ್ತೇವೆ, ನೀವು ಪರೀಕ್ಷೆಗೆ ಬಂದರೆ ಸಾಕು" ಅಂತ ಯಾರಾದರೂ ಹೇಳಿದರೆ ಆ ಕಡೆ ತಲೆ ಹಾಕಬೇಡಿ. ಅಂಥ ಕಡೆ ದುಡ್ಡು ಕೊಟ್ಟು ಏನೂ ಕಲಿಯದೆ ಬಂದವರನ್ನು ನಾನು ಸಂದರ್ಶನಗಳಲ್ಲಿ ನೋಡಿದ್ದೇನೆ. ತುಂಬಾ ನೋವಾಗುತ್ತದೆ.

ದೂರಶಿಕ್ಷಣದಲ್ಲಿ ಮಾಡಿದ ಎಂ.ಎಸ್ಸಿ. ನರ್ಸಿಂಗನ್ನು ಐಎನ್‌ಸಿ ಒಪ್ಪುವುದಿಲ್ಲ. ಜಿಎನ್‌ಎಂ ಮಾಡಿದ ನಿಮ್ಮ ಗೆಳತಿಯರು ಓದುತ್ತಿದ್ದರೆ ಅವರಿಗೂ ತಿಳಿಸಿ: ಮೊದಲು ಪೋಸ್ಟ್ ಬೇಸಿಕ್ ಬಿ.ಎಸ್ಸಿ., ಆಮೇಲೆ ಎಂ.ಎಸ್ಸಿ.

ನಿಮ್ಮ ಐಸಿಯು ಅನುಭವಕ್ಕೆ ಇನ್ನೊಂದು ದಾರಿಯೂ ಇದೆ. ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ಅಂತ ಎರಡು ವರ್ಷದ ಐಎನ್‌ಸಿ ಕೋರ್ಸು, ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಾ ಕಲಿಯುವ ರೀತಿಯದು. ಆದರೆ ಅದು ರೋಗಿಯ ಪಕ್ಕದ ಕೆಲಸಕ್ಕೆ. ನಿಮ್ಮ ಪ್ರಶ್ನೆ ಬೇರೆ.

ಮಂಡ್ಯ ಸಿಸ್ಟರ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರೋಗಿ-ದಿನದ ಲೆಕ್ಕ ನನಗೆ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಮೇಷ್ಟ್ರೇ, ಆಡಳಿತಕ್ಕೆ ಹೋಗಬೇಕು ಅನ್ನುವವಳು ಯಾವ ವಿಭಾಗ ತೆಗೆದುಕೊಂಡರೆ ಒಳ್ಳೆಯದು? ಸಮುದಾಯ ಆರೋಗ್ಯ ತೆಗೆದುಕೊಂಡರೆ ಸುಲಭ ಅಂತ ಕೆಲವರು ಹೇಳುತ್ತಾರೆ. ಜನ ಕಮ್ಮಿ ಅನ್ನುವುದನ್ನು ಮ್ಯಾನೇಜ್‌ಮೆಂಟಿಗೆ ಹೇಗೆ ಹೇಳುವುದು ಅಂತಲೂ ಯಾರಾದರೂ ತಿಳಿಸಿ.

ನಿವೃತ್ತ ಮೇಟ್ರನ್, ಮೈಸೂರು

ನೀನು ನನ್ನ ಮಗಳ ವಯಸ್ಸಿನವಳು, ನೀನು ಅಂತಲೇ ಬರೆಯುತ್ತೇನಮ್ಮ. ಜಿಎನ್‌ಎಂ ಮಾಡಿ ಸರ್ಕಾರಿ ಆಸ್ಪತ್ರೆ ಸೇರಿದೆ. ಮುಂದೆ ಪೋಸ್ಟ್ ಬೇಸಿಕ್, ಆಮೇಲೆ ಎಂ.ಎಸ್ಸಿ. ಓದಿದೆ. ಶುಶ್ರೂಷಾ ಅಧೀಕ್ಷಕಿಯಾಗಿ ರಿಟೈರ್ ಆದೆ. ಜನ ನನ್ನನ್ನು ಕೊನೆಯವರೆಗೂ ಮೇಟ್ರನ್ ಅಂತಲೇ ಕರೆದರು.

ಸುಲಭ ಅಂತ ವಿಭಾಗ ಆರಿಸಬೇಡ. ನಿನ್ನ ಕೈ ಪಳಗಿರುವುದು ಮೆಡಿಕಲ್ ಸರ್ಜಿಕಲ್‌ನಲ್ಲಿ. ಅದನ್ನೇ ತಗೊ. ನಾಳೆ ನೀನು ಇಡೀ ಆಸ್ಪತ್ರೆಯ ರೌಂಡ್ಸ್ ಹೋದಾಗ ಹುಡುಗಿಯರು ನಿನ್ನ ರಿಜಿಸ್ಟರ್ ನೋಡುವುದಿಲ್ಲ, ನಿನ್ನ ಕೈ ನೋಡುತ್ತಾರೆ. ಟ್ಯೂಬ್ ಕಟ್ಟಿಕೊಂಡಿರುವುದನ್ನು ದೂರದಿಂದಲೇ ಕಂಡುಹಿಡಿಯುವ ಮೇಟ್ರನ್ ಮಾತನ್ನು ಅವರು ಕೇಳುತ್ತಾರೆ. ಸಮುದಾಯ ಆರೋಗ್ಯ ದೊಡ್ಡ ವಿಷಯ, ಅದನ್ನು ಹಳ್ಳಿ ಕೆಲಸದ ಮೇಲೆ ಪ್ರೀತಿ ಇರುವವರು ತಗೊಳ್ಳಲಿ.

ಈಗ ಜನದ ಲೆಕ್ಕ. ಇದನ್ನು ನಿಧಾನವಾಗಿ ಓದು. ಆಡಳಿತದಲ್ಲಿ ನರ್ಸುಗಳು ಸೋಲುವುದು ಹೆಚ್ಚಾಗಿ ಇಲ್ಲೇ.

ಐಎನ್‌ಸಿಯ ಮೊದಲಿನಿಂದ ಬಂದ ಲೆಕ್ಕ ಏನು? ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ಬೆಡ್‌ಗೆ ಒಬ್ಬರು, ಉಳಿದ ಸಾಮಾನ್ಯ ಆಸ್ಪತ್ರೆಯಲ್ಲಿ 5 ಬೆಡ್‌ಗೆ ಒಬ್ಬರು. ಅದರ ಮೇಲೆ ರಜೆಗೆಂದು 30%. ನಿನ್ನ ವಾರ್ಡಿಗೆ ಒಳ್ಳೆಯ ಲೆಕ್ಕವನ್ನೇ ಹಾಕೋಣ. 30 ಬೆಡ್‌ಗೆ 10 ಜನ, ರಜೆಯ 3 ಸೇರಿ 13. ಮೇಲೆ ಕೂತವರಿಗೆ ಇದು "ಮೂರು ರೋಗಿಗೆ ಒಬ್ಬ ನರ್ಸ್" ಅಂತ ಕೇಳಿಸುತ್ತದೆ. ಇಷ್ಟು ಜನ ಇಟ್ಟುಕೊಂಡು ಇನ್ನೂ ಯಾಕೆ ಅಳುತ್ತೀರಿ ಅನ್ನುತ್ತಾರೆ. ಆದರೆ ದಿನಕ್ಕೆ ಮೂರು ಪಾಳಿ. ವಾರದ ಆಫ್, ನೈಟ್ ಆಫ್, ರಜೆ, ಹೆರಿಗೆ ರಜೆ, ಟ್ರೈನಿಂಗ್ ಎಲ್ಲ ಕಳೆದರೆ ಒಂದು ದಿನಕ್ಕೆ ಸಿಗುವುದು ಒಂಬತ್ತು ಜನ. ಪಾಳಿಗೆ ಮೂವರು. ವಾರ್ಡ್ ತುಂಬಿದ್ದರೆ ಒಬ್ಬಳ ಪಾಲಿಗೆ 10 ರೋಗಿಗಳು. 5ಕ್ಕೆ ಒಬ್ಬರು ಅನ್ನುವ ಲೆಕ್ಕದಲ್ಲಿ ಒಟ್ಟು ಸಿಗುವುದು 8 ಜನ, ಪಾಳಿಗೆ ಇಬ್ಬರು, ಒಬ್ಬಳಿಗೆ 15. ನಿನ್ನ ರಾತ್ರಿ ಪಾಳಿ ಅದೇ ಅಲ್ವಾ?

ಆದ್ದರಿಂದ ಬೆಡ್‌ಗೆ ಎಷ್ಟು ನರ್ಸ್ ಅಂತ ಯಾವತ್ತೂ ವಾದ ಮಾಡಬೇಡ. ಈ ಪಾಳಿಯಲ್ಲಿ, ಈ ಹೊತ್ತಿನಲ್ಲಿ, ಒಬ್ಬಳ ಪಾಲಿಗೆ ಎಷ್ಟು ರೋಗಿಗಳು ಅಂತ ಮಾತಾಡು. ಅದನ್ನು ಪ್ರತಿ ಪಾಳಿಯಲ್ಲಿ ಬರೆದಿಡು. ಬಿದ್ದವರು, ತಪ್ಪಿಹೋದ ಔಷಧಿ ಡೋಸು, ಹೊಸ ಬೆಡ್‌ಸೋರ್, ಕೈತಪ್ಪಿ ಸೂಜಿ ಚುಚ್ಚಿಸಿಕೊಂಡ ನರ್ಸ್, ಇವನ್ನೂ ಅದೇ ಪಾಳಿಯ ಎದುರಿಗೆ ಬರೆ. ಮೂರು ತಿಂಗಳ ಹಾಳೆ ಕೈಯಲ್ಲಿದ್ದರೆ ಯಾವ ಪಾಳಿಯಲ್ಲಿ ಏನಾಗುತ್ತಿದೆ ಅಂತ ತಾನೇ ಕಾಣುತ್ತದೆ.

ಹೊರಗಿನ ಸಾಕ್ಷಿಯೂ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲಿಂಡಾ ಐಕೆನ್ ಅನ್ನುವ ನರ್ಸ್ ಸಂಶೋಧಕಿ ಮತ್ತು ಅವರ ಜೊತೆಯವರು 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಆಪರೇಷನ್ ಆದ 2,32,342 ರೋಗಿಗಳ ದಾಖಲೆ ನೋಡಿದ್ದರು. ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಜಾಸ್ತಿಯಾದರೆ, 30 ದಿನದೊಳಗೆ ರೋಗಿ ಸಾಯುವ ಸಂಭವ 7% ಹೆಚ್ಚುತ್ತಿತ್ತು. ಎಂ.ಎಸ್ಸಿ.ಯಲ್ಲಿ ಅದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ವಾರ್ಡುಗಳೇ ಕಣ್ಣ ಮುಂದೆ ಬಂದವು. ಓದು ನನಗೆ ಕೊಟ್ಟದ್ದು ಇದು: ಮನಸ್ಸಿಗೆ ಗೊತ್ತಿದ್ದ ಸತ್ಯವನ್ನು ಅಂಕಿಯಲ್ಲಿ ಹೇಳುವ ಶಕ್ತಿ.

ರೋಸ್ಟರ್ ಬಗ್ಗೆ ಎರಡು ಮಾತು. ರೋಸ್ಟರ್ ಅಂದರೆ ಹೆಸರು ತುಂಬಿಸುವ ಚೌಕ ಅಂತ ತಿಳಿಯಬೇಡ. ಮೈಸೂರಿನಲ್ಲಿ ವಿಜಯದಶಮಿ ದಿನದ ರೋಸ್ಟರ್ ಹಾಕಿ ನೋಡು, ಆಡಳಿತ ಅಂದರೇನು ಅಂತ ಗೊತ್ತಾಗುತ್ತದೆ. ಜಂಬೂಸವಾರಿ ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪಕ್ಕೆ ಹೋಗುತ್ತದೆ. ಕೆ.ಆರ್. ಆಸ್ಪತ್ರೆ ಇರುವುದೇ ಆ ರಸ್ತೆ ಪಕ್ಕ. ರಸ್ತೆ ಮುಚ್ಚಿದ ಮೇಲೆ ಮಧ್ಯಾಹ್ನದ ಪಾಳಿಯವರು ಬರುವುದು ಹೇಗೆ? ಬೆಳಗಿನವರು ಮನೆಗೆ ಹೋಗುವುದು ಹೇಗೆ? ಬಸ್ಸು ಸುತ್ತಿಕೊಂಡು ಬರುತ್ತದೆ, ಆಟೊ ಸಿಗುವುದಿಲ್ಲ. ಜನಸಂದಣಿಯಲ್ಲಿ ಬಿದ್ದವರು, ಬಿಸಿಲಿಗೆ ತಲೆ ತಿರುಗಿದವರು ಕ್ಯಾಶುವಲ್ಟಿಗೆ ಬರುತ್ತಿರುತ್ತಾರೆ. ಎಲ್ಲರಿಗೂ ಹಬ್ಬಕ್ಕೆ ರಜೆ ಬೇಕು. ಹತ್ತಿರದಲ್ಲಿ ನಡೆದು ಬರುವವರು ಯಾರು, ಕುವೆಂಪುನಗರದ ಕಡೆಯಿಂದ ಬರುವವರು ಯಾರು, ಚಿಕ್ಕ ಮಕ್ಕಳಿರುವವರು ಯಾರು ಅಂತ ಮೊದಲೇ ತಿಳಿದಿರಬೇಕು. ಮಧ್ಯಾಹ್ನದವರನ್ನು ರಸ್ತೆ ಮುಚ್ಚುವ ಮುಂಚೆಯೇ ಕರೆಸಿ ಊಟ ಹಾಕಿಸಬೇಕು. ರಾತ್ರಿ ಪಾಳಿಗೆ ದೂರದವರನ್ನು ಹಾಕಬಾರದು. ಈ ವರ್ಷ ದಸರಾಕ್ಕೆ ನಿಂತವಳಿಗೆ ಮುಂದಿನ ವರ್ಷ ರಜೆ ಅಂತ ಬರೆದು ಸಹಿ ಹಾಕಬೇಕು, ಹಾಕಿದ ಮೇಲೆ ಮಾತು ಉಳಿಸಿಕೊಳ್ಳಬೇಕು. ನಾಯಕತ್ವ ಅಂತ ದೊಡ್ಡ ದೊಡ್ಡ ಭಾಷಣ ಮಾಡುತ್ತಾರಲ್ಲ, ನನಗೆ ಗೊತ್ತಿರುವ ನಾಯಕತ್ವ ಇದು.

ಹುಡುಗಿಯರು ಬಿಟ್ಟುಹೋಗುತ್ತಾರೆ ಅಂದೆ. ಸಂಬಳದ ವಿಷಯವನ್ನು ಓದಿಕೊಂಡಿರು. ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ನೇಮಿಸಿದ ಸಮಿತಿ 2016ರಲ್ಲಿ ಖಾಸಗಿ ಆಸ್ಪತ್ರೆ ನರ್ಸುಗಳ ಸಂಬಳದ ಬಗ್ಗೆ ಶಿಫಾರಸು ಮಾಡಿತು. 200 ಬೆಡ್‌ಗಿಂತ ದೊಡ್ಡ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸಿನಷ್ಟೇ ಸಂಬಳ, 50ಕ್ಕಿಂತ ಚಿಕ್ಕದರಲ್ಲೂ 20,000 ರೂಪಾಯಿಗೆ ಕಮ್ಮಿ ಇಲ್ಲ. ಶಿಫಾರಸು ಶಿಫಾರಸೇ, ಎಲ್ಲ ಕಡೆ ಜಾರಿಯಾಗಿಲ್ಲ. ಆದರೆ ನರ್ಸಿಂಗ್ ಮುಖ್ಯಸ್ಥೆ ಆಗುವವಳಿಗೆ ಇದು ಬಾಯಿಪಾಠ ಇರಬೇಕು. ಪಳಗಿದ ಒಬ್ಬಳು ಹೋದರೆ ಹೊಸಬಳನ್ನು ತಯಾರು ಮಾಡಲು ಎಷ್ಟು ತಿಂಗಳು, ಅಷ್ಟು ದಿನ ಎಷ್ಟು ಓವರ್‌ಟೈಮ್, ಇದನ್ನು ರೂಪಾಯಿಯಲ್ಲಿ ಬರೆದು ಕೊಟ್ಟು ನೋಡು.

ಹೂಸ್ಟನ್‌ನಿಂದ ಮೈಸೂರು ಹುಡುಗಿ

ಅಕ್ಕ, ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿ ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಬರೆದು ಟೆಕ್ಸಸ್‌ಗೆ ಬಂದವಳು. ಇಲ್ಲಿ ನರ್ಸಿಂಗ್ ಅಡ್ಮಿನಿಸ್ಟ್ರೇಷನ್‌ನಲ್ಲೇ ಮಾಸ್ಟರ್ಸ್ ಮಾಡುತ್ತಿದ್ದೇನೆ. ಆನ್‌ಲೈನ್ ಅನ್ನುವುದು ನಿಜ. ಆದರೆ ಬಹುತೇಕ ಕಡೆ ಅಮೆರಿಕದ ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸ್ ಕೇಳುತ್ತಾರೆ. ಪಾಠ ಮಾತ್ರ ಆನ್‌ಲೈನ್, ಆಸ್ಪತ್ರೆಯ ನರ್ಸ್ ಮ್ಯಾನೇಜರ್ ಜೊತೆ ನಿಂತು ಮಾಡುವ ಪ್ರಾಕ್ಟಿಕಲ್ ಗಂಟೆಗಳು ಇರುತ್ತವೆ. ಈ ಕಡೆ ಬರುವ ಯೋಚನೆ ಇಲ್ಲದಿದ್ದರೆ ಅಷ್ಟು ಡಾಲರ್ ಕೊಟ್ಟು ಮಾಡಬೇಡಿ. ಇಲ್ಲಿಗೆ ಬರುವವರಿಗೆ ಅದು ಒಳ್ಳೆಯ ದಾರಿ. ಆಮೇಲೆ ನರ್ಸ್ ಎಕ್ಸಿಕ್ಯುಟಿವ್ ಅಂತ ಎಎನ್‌ಸಿಸಿ ಅನ್ನುವ ಇಲ್ಲಿನ ನರ್ಸಿಂಗ್ ಸಂಸ್ಥೆಯ ಪರೀಕ್ಷೆಯೂ ಇದೆ.

ನಮಗೆ ಇಲ್ಲಿ ಕಲಿಸುವ ಒಂದು ಲೆಕ್ಕ ನಿಮಗೆ ಅಲ್ಲೇ ಉಪಯೋಗಕ್ಕೆ ಬರುತ್ತದೆ. ಒಬ್ಬ ರೋಗಿಗೆ ದಿನಕ್ಕೆ ಎಷ್ಟು ನರ್ಸಿಂಗ್ ಗಂಟೆ ಸಿಕ್ಕಿತು ಅಂತ ನೋಡುತ್ತಾರೆ. 24 ಗಂಟೆಯಲ್ಲಿ ಎಲ್ಲ ನರ್ಸುಗಳೂ ಮಾಡಿದ ಗಂಟೆ ಕೂಡಿಸಿ, ರೋಗಿಗಳ ಸಂಖ್ಯೆಯಿಂದ ಭಾಗಿಸಿ. ಮೇಟ್ರನ್ ಮೇಡಂ ಹೇಳಿದ ಹಾಗೆ ಯಾವ ಹೊತ್ತಿನಲ್ಲೂ ಮೂವರು ಇದ್ದಾರೆ ಅಂದರೆ ದಿನಕ್ಕೆ 72 ಗಂಟೆ. 30 ರೋಗಿಗಳಿಗೆ ಹಂಚಿದರೆ ಒಬ್ಬರಿಗೆ 2.4 ಗಂಟೆ. ಇಬ್ಬರೇ ಇದ್ದರೆ 1.6. ಐವರು ಇದ್ದರೆ 4. ಅದೇ 1.6 ಗಂಟೆಯಲ್ಲಿ ಔಷಧಿ, ಡ್ರಿಪ್, ಬಿಪಿ, ಮಗ್ಗುಲು ಬದಲಿಸುವುದು, ಬರೆಯುವುದು, ಫೋನ್ ಎತ್ತುವುದು, ಡಾಕ್ಟರ್ ಜೊತೆ ರೌಂಡ್ಸ್ ಹೋಗುವುದು ಎಲ್ಲ ಆಗಬೇಕು. ಈ ಸಂಖ್ಯೆಯನ್ನು ಹಣಕಾಸಿನವರು ಬೇಗ ಹಿಡಿದುಕೊಳ್ಳುತ್ತಾರೆ, ಅವರು ದಿನವೂ ಮಾತಾಡುವ ಭಾಷೆ ಅದು.

ಇಲ್ಲೂ ಎಲ್ಲ ಕಡೆ ಚೆನ್ನಾಗಿಲ್ಲ ಅಕ್ಕ. ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲಿ ಕಾನೂನು ಮಾಡಿ 2004ರಿಂದ ಜಾರಿಗೆ ತಂದರು. ಅಲ್ಲಿ ಮೆಡಿಕಲ್ ಸರ್ಜಿಕಲ್ ವಾರ್ಡಿನಲ್ಲಿ ಒಬ್ಬ ನರ್ಸ್ ಪಾಲಿಗೆ 5 ರೋಗಿಗಳಿಗಿಂತ ಜಾಸ್ತಿ ಕೊಡುವಂತಿಲ್ಲ, ಐಸಿಯುನಲ್ಲಿ 2. ಟೆಕ್ಸಸ್‌ನಲ್ಲಿ ಅಂಥ ಮಿತಿ ಇಲ್ಲ. ನರ್ಸುಗಳು ಸಂಘಟಿತರಾಗಿ ವರ್ಷಗಟ್ಟಲೆ ಕೇಳಿದ್ದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಅದು ಸಿಕ್ಕಿತು.

ಮಂಡ್ಯ ಸಿಸ್ಟರ್

ಎಲ್ಲವನ್ನೂ ರೈಲಿನಲ್ಲಿ ಕೂತು ಓದಿದೆ. ಬೋಗಿಯಲ್ಲಿ ನಮ್ಮಂಥ ಇನ್ನೂ ಇಬ್ಬರು ಸಿಸ್ಟರ್‌ಗಳು ಬರುತ್ತಾರೆ, ಅವರಿಗೂ ತೋರಿಸಿದೆ. ಮೇಟ್ರನ್ ಮೇಡಂ, ನನ್ನ ರಾತ್ರಿ ಪಾಳಿ ನೀವು ಹೇಳಿದ ಹಾಗೇ ಇದೆ. ಒಬ್ಬಳಿಗೆ 15.

ಅಮೆರಿಕದ ಕೋರ್ಸ್ ಬೇಡ. ಎಂಬಿಎ ಕೂಡ ಈಗ ಬೇಡ ಅನ್ನಿಸುತ್ತಿದೆ. ಎಂ.ಎಸ್ಸಿ. ಕಡೆಗೇ ಮನಸ್ಸು ವಾಲಿದೆ, ಮೆಡಿಕಲ್ ಸರ್ಜಿಕಲ್. ಆದರೆ ಎರಡು ವರ್ಷದ ಸಂಬಳದ ಚಿಂತೆ ಹೋಗಿಲ್ಲ. ಒಂದು ವರ್ಷ ಕಾದು ದುಡ್ಡು ಕೂಡಿಸಿಕೊಂಡು ಸೇರಿದರೆ ತಡವಾಗುತ್ತದಾ? ಈ ಒಂದು ವರ್ಷದಲ್ಲಿ ನಾನು ಏನು ಮಾಡಬಹುದು?

ನರ್ಸಿಂಗ್ ಮೇಷ್ಟ್ರು, ಮಂಡ್ಯ

ತಡ ಆಗುವುದಿಲ್ಲ. ನಮ್ಮ ಕ್ಲಾಸಿನಲ್ಲಿ ನಲವತ್ತು ದಾಟಿದವರೂ ಕೂರುತ್ತಾರೆ, ಅವರೇ ಚೆನ್ನಾಗಿ ಪ್ರಶ್ನೆ ಕೇಳುತ್ತಾರೆ. ಪ್ರವೇಶ ಪರೀಕ್ಷೆಯ ಪ್ರಕಟಣೆಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟ್ ನೋಡುತ್ತಿರಿ. ಸರ್ಕಾರಿ ಸೀಟು ಸಿಕ್ಕರೆ ಶುಲ್ಕದ ಹೊರೆ ಬಹಳ ಇಳಿಯುತ್ತದೆ. ಅದಕ್ಕೆ ಒಂದು ವರ್ಷ ಓದಿ ತಯಾರಾಗುವುದು ವ್ಯರ್ಥ ಅಲ್ಲ. ಕಾಲೇಜು ಆರಿಸುವಾಗ ಅದಕ್ಕೆ ಸ್ವಂತ ಆಸ್ಪತ್ರೆ ಇದೆಯಾ, ಎಷ್ಟು ಬೆಡ್, ಐಸಿಯು ಹೇಗಿದೆ ಅಂತ ಹೋಗಿ ನೋಡಿ. ಆಸ್ಪತ್ರೆ ಇಲ್ಲದ ಕಾಲೇಜಿನಲ್ಲಿ ಮೆಡಿಕಲ್ ಸರ್ಜಿಕಲ್ ಮಾಡುವುದರಲ್ಲಿ ಅರ್ಥ ಇಲ್ಲ.

ನರ್ಸಿಂಗ್‌ಗೆ ಹೊಸ ಕಾನೂನು ಬಂದಿರುವುದೂ ಗೊತ್ತಿರಲಿ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ 2023ರಲ್ಲಿ ಪಾಸಾಗಿದೆ. ಸೇರುವ ವರ್ಷದ ನಿಯಮವನ್ನು ಆ ವರ್ಷವೇ ಓದಿಕೊಳ್ಳಿ.

ನಿವೃತ್ತ ಮೇಟ್ರನ್, ಮೈಸೂರು

ಒಂದು ವರ್ಷ ಸಿಕ್ಕಿತು ಅಂದರೆ ಒಳ್ಳೆಯದೇ ಆಯಿತು. ಪಾಳಿ ಹಾಳೆಯನ್ನು ನಾಳೆಯಿಂದಲೇ ಶುರು ಮಾಡು. ತಾರೀಖು, ಪಾಳಿ, ರೋಗಿಗಳು ಎಷ್ಟು, ಅದರಲ್ಲಿ ಸ್ವಂತವಾಗಿ ಮಗ್ಗುಲು ಬದಲಿಸಲಾಗದವರು ಎಷ್ಟು, ನರ್ಸುಗಳು ಎಷ್ಟು, ಆಯಾ ಎಷ್ಟು, ಏನಾದರೂ ತೊಂದರೆ ಆಯಿತಾ. ಇಷ್ಟೇ. ಪಾಳಿ ಬದಲಾಗುವಾಗ ಎರಡು ನಿಮಿಷದ ಕೆಲಸ. ರೋಗಿಯ ಹೆಸರು ಬರೆಯಬೇಡ. ನಿನ್ನ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಮೊದಲೇ ಹೇಳಿ ಅವರ ಒಪ್ಪಿಗೆ ತಗೊ. ಗುಟ್ಟಾಗಿ ಮಾಡಿದರೆ ಅವರಿಗೆ ವಿರುದ್ಧವಾಗಿ ಮಾಡಿದೆ ಅಂತ ಆಗುತ್ತದೆ. ಅವರನ್ನು ನಿನ್ನ ಜೊತೆ ಇಟ್ಟುಕೊಂಡು ಮೀಟಿಂಗಿಗೆ ಹೋಗು.

ತನ್ನಿಂದಾದ ತಪ್ಪನ್ನು ಹಾಳೆಯಲ್ಲಿ ಬರೆದವಳನ್ನು ಬೈಯಬೇಡ. ಒಂದು ಸಲ ಬೈದರೆ ಮುಂದೆ ಯಾರೂ ನಿಜ ಬರೆಯುವುದಿಲ್ಲ, ಆಮೇಲೆ ಆ ಹಾಳೆಯಿಂದ ಪ್ರಯೋಜನ ಇಲ್ಲ.

ಇದೇ ಲೆಕ್ಕ ಮುಂದೆ ನಿನ್ನ ಎಂ.ಎಸ್ಸಿ. ಪ್ರಬಂಧಕ್ಕೆ ವಿಷಯ ಆಗಬಹುದು. ರಾತ್ರಿ ಪಾಳಿಗೆ ಇನ್ನೊಬ್ಬಳನ್ನು ಕೊಟ್ಟರೆ ಬೆಡ್‌ಸೋರ್ ದರ ಇಳಿಯುತ್ತದಾ ಅಂತ ನೋಡುವುದು. ಮೇಷ್ಟ್ರು ಏನನ್ನುತ್ತಾರೆ?

ನರ್ಸಿಂಗ್ ಮೇಷ್ಟ್ರು, ಮಂಡ್ಯ

ಒಳ್ಳೆಯ ವಿಷಯ ಮೇಡಂ. ಎಥಿಕ್ಸ್ ಕಮಿಟಿ ಒಪ್ಪಿಗೆ, ಆಸ್ಪತ್ರೆಯ ಅನುಮತಿ ಎರಡೂ ಬೇಕು. ಸಿಸ್ಟರ್, ಹಾಳೆಯ ನಮೂನೆ ತಯಾರಾದ ಮೇಲೆ ಇಲ್ಲೇ ಹಾಕಿ, ಕಾಲಂಗಳನ್ನು ಸಂಖ್ಯಾಶಾಸ್ತ್ರಕ್ಕೆ ಹೊಂದುವ ಹಾಗೆ ನಾನು ಸರಿಮಾಡಿ ಕೊಡುತ್ತೇನೆ.